ಕಾಕಾಗೆ ಕಾಣದ ಸಿಗ್ನಲ್ಲು

ಹೋದ ವಾರ ಕಂಪ್ಯೂಟರಿನ ಮಗ್ಗುಲು ಬಿಚ್ಚಿ ಪರದೆಗೆ ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡ್ ಹೊರಗೆ ತೆಗೆದಾಗ ಸುಟ್ಟ ಧೂಳಿನ ವಾಸನೆ ಬಂತು. ನಮ್ಮೂರು ವಾಡಿಯ ಧೂಳು, ಅರ್ಧ ಕಲ್ಲು, ಅರ್ಧ ಸಿಮೆಂಟು. ಫ್ಯಾನುಗಳ ಮೇಲೆ ಬೂದು ಹಿಟ್ಟಿನಂತೆ ಕೂತಿತ್ತು. ಕಾರ್ಡ್ ಕಾದಾಗಲೆಲ್ಲ ಈ ವಾಸನೆ ಕೋಣೆ ತುಂಬುತ್ತಿತ್ತು. ಆಗೆಲ್ಲ ನನ್ನ ಪಕ್ಕದ ಕುರ್ಚಿಯಲ್ಲಿ ಡ್ರೈವರ್ ಕಾಕಾ ಇರುತ್ತಿದ್ದರು… ‘ಇಂಜಿನ್ ಕಾದದ ತಮ್ಮಾ, ಸ್ವಲ್ಪ ಬಿಡು’ ಎನ್ನುತ್ತಿದ್ದರು.

ಕಾಕಾ ನಮ್ಮ ಎದುರು ಮನೆಯವರು. ಒಂದು ಸಿಮೆಂಟ್ ಕಾರ್ಖಾನೆಯಲ್ಲಿ, ಗಣಿಯಿಂದ ಸುಣ್ಣದಕಲ್ಲು ತರುವ ವ್ಯಾಗನ್ನುಗಳ ಇಂಜಿನ್ ಓಡಿಸಿದವರು. ಒಂದು ಬೆಳಿಗ್ಗೆ ಕೆಂಪು ಸಿಗ್ನಲ್ ದಾಟಿ ಹೋಗಿ, ನಿಂತಿದ್ದ ವ್ಯಾಗನ್ನುಗಳಿಗೆ ಗುದ್ದಿದರು. ಯಾರೂ ಸಾಯಲಿಲ್ಲ. ಧೂಳಿನಲ್ಲಿ ಸಿಗ್ನಲ್ ಕಾಣಲಿಲ್ಲ, ಹತ್ತಿರ ಬಂದ ಮೇಲಷ್ಟೇ ಕಂಡಿತು ಎಂದು ವಿಚಾರಣೆಯಲ್ಲಿ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಜೊತೆಗಿದ್ದ ಸಹಾಯಕ, ತನಗೆ ದೂರದಿಂದಲೇ ಕಂಡಿತ್ತು, ಕೂಗಿಯೂ ಹೇಳಿದ್ದೆ ಎಂದು ಹೇಳಿಕೆ ಕೊಟ್ಟು ತನ್ನ ನೌಕರಿ ಉಳಿಸಿಕೊಂಡ. ಅವ ಕೂಗಲೇ ಇಲ್ಲ ಎನ್ನುವುದು ಕಾಕಾನ ಮಾತು. ಕಾಕಾನನ್ನು ಇಂಜಿನ್ನಿನಿಂದ ಇಳಿಸಿ ಗೇಟಿಗೆ ಹಾಕಿದರು. ನಿವೃತ್ತಿಯವರೆಗೂ ಗೇಟಿನ ಕೋಲು ಎತ್ತಿ ಇಳಿಸಿದರು. ಇಪ್ಪತ್ತು ವರ್ಷ ಆ ಸಹಾಯಕನ ಮುಖ ನೋಡಲಿಲ್ಲ.

ನಮ್ಮ ಓಣಿಯೂ ಕಡಿಮೆಯದಲ್ಲ. ಯಾರಾದರೂ ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಒಣಹಾಕಿದರೆ, ‘ಕಾಕಾ, ಇದಾದರ ಕಾಣ್ತದೇನ್ರಿ?’ ಎಂದು ಚೇಷ್ಟೆ. ನಕ್ಕವರಲ್ಲಿ ನಾನೂ ಒಬ್ಬ.

ನಾನು ಮದುವೆ ಆಲ್ಬಮ್ ಮಾಡುವವನು. ಆ ಕಾರ್ಡನ್ನು ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು ಕೆಲಸಕ್ಕೆಂದು, ಬಳಸಿದ್ದು ಹೆಚ್ಚಾಗಿ ಗೇಮ್ ಆಡಲು. ಹೊಸ ಗೇಮುಗಳು ಕೇಳುವ ತಾಕತ್ತು ನೋಡಿದರೆ ಅದು ಕೈಮುಗಿದು ಮೂಲೆ ಸೇರಬೇಕಿತ್ತು. ನಾನು ಬಿಡುತ್ತಿರಲಿಲ್ಲ. ನೆರಳು ತೆಗೆ, ಹುಲ್ಲು ತೆಗೆ, ನೀರಿನ ಹೊಳಪು ತೆಗೆ… ಹೀಗೆ ಒಂದೊಂದೇ ಕಿತ್ತುಹಾಕಿ ಹೇಗಾದರೂ ಓಡಿಸುತ್ತಿದ್ದೆ. ‘ನನ್ನ ಕಾರ್ಡಿನ ಮ್ಯಾಲ ಓಡದ ಗೇಮೇ ಇಲ್ಲ’ ಎಂದು ಊರೆಲ್ಲ ಬಡಾಯಿ ಕೊಚ್ಚಿಕೊಂಡಿದ್ದೆ.

ರೈಲು ಓಡಿಸುವ ಒಂದು ಹೊಸ ಗೇಮ್ ಹಾಕಿದ ದಿನ ಕಾಕಾ ಯಾವುದೋ ಕೆಲಸಕ್ಕೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಮಾರನೆಯ ದಿನದಿಂದ ದಿನಾ ಸಂಜೆ ನಾಲ್ಕಕ್ಕೆ ಹಾಜರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಡ್ಯೂಟಿಗೆ ಹೋದಂತೆ ಬರುತ್ತಿದ್ದರು. ನನ್ನನ್ನು ಎಡಕ್ಕೆ ಕೂರಿಸಿ ಸಹಾಯಕನನ್ನಾಗಿ ಮಾಡಿದರು. ಇಂಜಿನ್ನಿನಲ್ಲಿ ಸಿಗ್ನಲ್ ಕಂಡ ಕೂಡಲೇ ಒಬ್ಬ ಅದರ ಬಣ್ಣ ಕೂಗಬೇಕು, ಇನ್ನೊಬ್ಬ ಅದನ್ನೇ ತಿರುಗಿ ಕೂಗಬೇಕು, ಅದು ಪದ್ಧತಿ. ನಾನು ‘ಹಸರು’ ಎಂದರೆ ಅವರು ಕೈ ಎತ್ತಿ ‘ಹಸರು’ ಎನ್ನುತ್ತಿದ್ದರು. ಮೊದಮೊದಲು ನನಗೆ ನಗು ಬರುತ್ತಿತ್ತು.

ಒಂದು ದಿನ ಹೇಳಿದರು: ‘ತುಂಬಿದ ಮಾಲಗಾಡಿ ತೊಗೊಂಡು ಹೋಗಿ ಒಂದು ಕೆಂಪಿಗೆ ಸರಿಯಾಗಿ ನಿಂದ್ರಿಸ್ಬೇಕು ತಮ್ಮಾ. ಅಷ್ಟಾದ್ರ ಸಾಕು. ನನ್ನ ಕಣ್ಣಿಂದು ತಪ್ಪಿಲ್ಲ ಅಂತ ನನಗ ಗೊತ್ತಾಗ್ತದ.’

ಆದರೆ ಮಾಲಗಾಡಿ ಜೋಡಿಸಿದರೆ ನನ್ನ ಕಾರ್ಡ್ ತಡವರಿಸುತ್ತಿತ್ತು, ಚಿತ್ರ ನಿಂತು ನಿಂತು ಬರುತ್ತಿತ್ತು. ಆ ಭಾನುವಾರ ಶಹಾಬಾದಿನಿಂದ ನನ್ನ ಇಬ್ಬರು ಗೆಳೆಯರು ಬರುವವರಿದ್ದರು. ಅವರಲ್ಲೊಬ್ಬ ಹೊಸ ಮಶೀನು ಕೊಂಡು ಮೆರೆಯುತ್ತಿದ್ದ. ಅವನ ಮುಂದೆ ಮರ್ಯಾದೆ ಹೋಗಬಾರದೆಂದು ಬೆಳಿಗ್ಗೆ ಕೂತು ಇನ್ನೊಂದು ಸೆಟ್ಟಿಂಗ್ ಇಳಿಸಿದೆ. ದೂರದ ವಸ್ತುಗಳನ್ನು ಕಾರ್ಡ್ ಚಿತ್ರಿಸುವುದೇ ಬೇಡ, ಹತ್ತಿರ ಬಂದಾಗ ತೋರಿಸಿದರೆ ಸಾಕು ಎನ್ನುವ ಸೆಟ್ಟಿಂಗ್ ಅದು. ಗಾಡಿ ಬೆಣ್ಣೆಯಂತೆ ಓಡಿತು.

ಸಂಜೆ ಗೆಳೆಯರು ಹಿಂದೆ ನಿಂತು ನೋಡುತ್ತಿದ್ದರು. ಕಾಕಾ ಮಾಲಗಾಡಿ ಹೊರಡಿಸಿದರು. ಹಸಿರು ಸಿಗ್ನಲ್ಲುಗಳು ಹತ್ತಿರ ಬಂದ ಮೇಲೆ ತಟ್ಟನೆ ಮೂಡುತ್ತಿದ್ದವು. ನಾನು ಅದನ್ನು ಗಮನಿಸಿದೆ, ಸುಮ್ಮನಿದ್ದೆ. ಆಮೇಲೆ ಒಂದು ತಿರುವು ದಾಟಿದ್ದೇ ಕಣ್ಣೆದುರಿಗೆ ಕೆಂಪು! ನಾನು ಕೂಗುವಷ್ಟರಲ್ಲಿ ಕಾಕಾ ಬ್ರೇಕ್ ಹಾಕಿದ್ದರು. ಅಷ್ಟು ಭಾರದ ಗಾಡಿ ಎಲ್ಲಿ ನಿಲ್ಲಬೇಕು? ಸಿಗ್ನಲ್ ದಾಟಿಯೇ ಹೋಯಿತು.

ಗೆಳೆಯ ನಕ್ಕ. ಕಾಕಾ ಪರದೆಯನ್ನೇ ನೋಡುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿ, ‘ನಿನಗ ದೂರದಿಂದ ಕಂಡಿತ್ತೇನು?’ ಎಂದು ಕೇಳಿದರು.

ಕಾರ್ಡ್ ಹಳೇದು, ನಾನೇ ದೂರದ ನೋಟ ಕತ್ತರಿಸಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೊಸ ಮಶೀನಿನವನು ಹಿಂದೆಯೇ ನಿಂತಿದ್ದ. ‘ಹೂಂ, ಕಂಡಿತ್ತು ಕಾಕಾ’ ಎಂದೆ.

ಕಾಕಾ ಎದ್ದು ಹೋದರು. ಮತ್ತೆಂದೂ ನಾಲ್ಕು ಗಂಟೆಗೆ ಬರಲಿಲ್ಲ. ನಾಳೆ ಹೋಗಿ ಹೇಳಿದರಾಯಿತು ಎಂದು ಎಷ್ಟು ನಾಳೆಗಳನ್ನು ಕಳೆದೆನೋ… ಎರಡನೆಯ ವರ್ಷ ಅವರು ತೀರಿಕೊಂಡರು.

ಹೋದ ವಾರ ಹೊಸ ಕಾರ್ಡ್ ಹಾಕಿ ಅದೇ ಹಳಿಯ ಮೇಲೆ ಅದೇ ಗಾಡಿ ಓಡಿಸಿದೆ. ತಿರುವಿಗೆ ಬಹಳ ಮೊದಲೇ ಬಯಲಿನಾಚೆ ಕೆಂಪು ಚುಕ್ಕೆ ಕಂಡಿತು. ರೈಲು ಓಡಿಸುವುದರಲ್ಲಿ ಕಚ್ಚಾ ಆದ ನಾನೇ ಸಾವಕಾಶವಾಗಿ ನಿಲ್ಲಿಸಿದೆ. ಅಷ್ಟು ವರ್ಷಗಳ ಹಿಂದೆ ಗಣಿಯ ಹಾದಿಯಲ್ಲಿ ಏನಾಗಿತ್ತೋ ನನಗೆ ಗೊತ್ತಿಲ್ಲ. ನನ್ನ ಮನೆಯಲ್ಲಿ ಆದದ್ದು ಗೊತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಈಗಲಾದರೂ ಹೇಳಿಬಿಡಬೇಕೆಂದು ಎದುರು ಮನೆಗೆ, ಕಾಕಾನ ಹೆಂಡತಿಯ ಹತ್ತಿರ ಹೋದೆ.

ನಾನು ಬಾಯಿ ತೆರೆಯುವ ಮೊದಲೇ ಅವರು ಮಾತು ತೆಗೆದರು. ‘ಕುಂದ್ರು ತಮ್ಮಾ. ನಿನಗೊಂದು ಹೇಳ್ಬೇಕು ಅನ್ಕೊಂಡಿದ್ದೆ. ನಿಮ್ಮನ್ಯಾಗ ಕಡೀ ಸಲ ಆಡಿ ಬಂದ ಮ್ಯಾಲ ಅವರು ಆ ಸಹಾಯಕನ ಮನಿಗಿ ಹೋಗಿದ್ರು. ತಪ್ಪು ನಂದೇ ಇತ್ತು, ಸುಳ್ಳೇ ನಿನಗ ಬೈದೆ ಅಂತ ಕಾಲ್ ಹಿಡದು ಮಾಫಿ ಕೇಳಿ ಬಂದ್ರು. ನಿನ್ನ ಉಪಕಾರ ಭಾಳ ಆತು.’

ಅವರು ಚಹಾ ಕೊಟ್ಟರು. ನಾನು ಕುಡಿದು, ಏನೂ ಹೇಳದೆ ಎದ್ದು ಬಂದೆ.