ಹಿಟ್ಟಿನ ಗಿರಣಿಯ ಮೇಲಿನ ಸ್ಟುಡಿಯೋ

ಮೊನ್ನೆ ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಯಲು ಬಂದವರು ಟರ್ಪೆಂಟೈನ್ ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಒಳಗೆ ಕೂತಿದ್ದ ಅಪ್ಪ, "ಅಕ್ಕ ಹಿಟ್ಟು ಹಾಕಿಸ್ಕೊಂಡು ಬಂದ್ಲೇನು?" ಎಂದು ಕೇಳಿದರು. ಹಿಟ್ಟಿಗೂ ಟರ್ಪೆಂಟೈನಿಗೂ ಎಲ್ಲಿಯ ಸಂಬಂಧ ಎಂದು ನಿಮಗೆ ಅನ್ನಿಸಬಹುದು. ನಮ್ಮ ಮನೆಗೆ ಒಂದಷ್ಟು ವರ್ಷ ಇವೆರಡೂ ಒಂದೇ ಚೀಲದಲ್ಲಿ ಬರುತ್ತಿದ್ದವು. ಬಿಸಿ ಜೋಳದ ಹಿಟ್ಟಿನ ವಾಸನೆ, ಅದರ ಬೆನ್ನಿಗೇ ಮೂಗಿಗೆ ಚುರುಕ್ಕೆನ್ನುವ ಈ ಇನ್ನೊಂದು ವಾಸನೆ. ಇದನ್ನು ವಿವರಿಸಬೇಕೆಂದರೆ ಮೊದಲು ನಿಮಗೆ ನಮ್ಮ ಗಿರಿಜತ್ತೆಯ ಪರಿಚಯ ಮಾಡಿಕೊಡಬೇಕು.

ಗಿರಿಜತ್ತೆ ಅಪ್ಪನ ಅಕ್ಕ. ರಾಣೆಬೆನ್ನೂರಿನ ಕಡೆಯವರು. ಮಾವ ತೀರಿಕೊಂಡ ಮೇಲೆ ಬಸವೇಶ್ವರನಗರದ ನಮ್ಮ ಮನೆಗೆ ಬಂದು ನೆಲೆಸಿದರು. ಬಂದು ಇಷ್ಟು ಕಾಲವಾದರೂ ಬೆಂಗಳೂರಿಗೆ ಅವರ ಮಾತನ್ನಾಗಲೀ ರೊಟ್ಟಿಯನ್ನಾಗಲೀ ಮುಟ್ಟಲು ಸಾಧ್ಯವಾಗಿಲ್ಲ. ಅಂಗಡಿಯ ಪ್ಯಾಕೆಟ್ ಹಿಟ್ಟನ್ನು ಅವರು "ಸತ್ತ ಹಿಟ್ಟು" ಎಂದೇ ಕರೆಯುತ್ತಾರೆ. ಹಾಗಾಗಿ ಜೋಳವನ್ನು ಕೇರಿ, ಆರಿಸಿ, ಚೀಲಕ್ಕೆ ತುಂಬಿಕೊಂಡು ರಾಜಾಜಿನಗರದ ಒಂದು ಗಿರಣಿಗೆ ವಾರಕ್ಕೊಮ್ಮೆ ಆಟೋದಲ್ಲಿ ಹೋಗುತ್ತಿದ್ದರು. ನಮ್ಮ ಮನೆಯ ಹತ್ತಿರವೇ ಎರಡು ಗಿರಣಿಗಳಿದ್ದವು. ಅಲ್ಲಿ ಅಕ್ಕಿ, ರಾಗಿ, ಮೆಣಸಿನಕಾಯಿ ಎಲ್ಲವನ್ನೂ ಒಂದೇ ಕಲ್ಲಿಗೆ ಹಾಕುತ್ತಾರೆಂಬುದು ಅತ್ತೆಯ ಗುಮಾನಿ. ಗುಮಾನಿ ನಿಜವೋ ಸುಳ್ಳೋ ಎಂದು ವಿಚಾರಿಸುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ.

ಆ ಗಿರಣಿಯ ಮೇಲೆ ಎರಡನೆಯ ಮಹಡಿಯಲ್ಲಿ ಸುಮನಾ ಎಂಬ ಚಿತ್ರಕಲಾವಿದೆಯ ಸ್ಟುಡಿಯೋ. ಆಕೆಗೆ ನಲವತ್ತರ ಆಸುಪಾಸು. ಗಿರಣಿಯ ಮುಂದಿನ ಬೆಂಚಿನ ಮೇಲೆ ಚೀಲ ಕಾಯುತ್ತಾ ಕೂತ ಅತ್ತೆಯನ್ನು ನಾಲ್ಕಾರು ಸಲ ನೋಡಿದ್ದಾಳೆ. ಒಂದು ದಿನ ಹತ್ತಿರ ಬಂದು, "ಅಮ್ಮ, ಮೇಲೆ ಬಂದು ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋತೀರಾ? ನಿಮ್ಮ ಚಿತ್ರ ಬರೀಬೇಕು" ಎಂದು ಕೇಳಿದ್ದಾಳೆ. ಅತ್ತೆಯ ಉತ್ತರ ನಮ್ಮ ಮನೆಯಲ್ಲಿ ಈಗಲೂ ಚಾಲ್ತಿಯಲ್ಲಿದೆ: "ಇಲ್ಲಿ ಹೆಂಗೂ ಕುಂತೀನಲ್ಲ, ಅಲ್ಲೇ ಕುಂತ್ರಾತು." ಹಿಟ್ಟು ಆಗುವವರೆಗೆ ಕೂರುವುದು, ಕೆಳಗಿನಿಂದ ಗಿರಣಿಯವರು ಕೂಗಿದ ಕೂಡಲೇ ಎದ್ದು ಬರುವುದು. ಇಷ್ಟೇ ಒಪ್ಪಂದ. ಚಿತ್ರ ಬರೆಯುವವರು ಎಣ್ಣೆಬಣ್ಣ ತೆಳುಮಾಡಲು ಬಳಸುವ ಟರ್ಪೆಂಟೈನು ಹೀಗೆ ಅತ್ತೆಯ ಸೆರಗಿನಲ್ಲಿ ನಮ್ಮ ಮನೆಗೆ ಬರತೊಡಗಿತು.

ಅಪ್ಪನಿಗೆ ಇದು ಹಿಡಿಸಲಿಲ್ಲ. "ಅಂಗಡಿ ಮುಂದಿನ ಬೊಂಬಿ ಹಂಗ ಕುಂದ್ರೂದು ಅಂದ್ರ ಏನಕ್ಕ" ಎನ್ನುವರು. "ಬೊಂಬಿ ಬಾಯಿ ಮುಚ್ಕೊಂಡಿರ್ತೈತಿ. ನೀನೂ ಸ್ವಲ್ಪ ಕಲಿ" ಎಂದು ಅತ್ತೆ ರೊಟ್ಟಿ ಬಡಿಯಲು ಹೋಗುವರು.

ವಿಚಿತ್ರವೆಂದರೆ ಅಷ್ಟು ಕಾಲ ಕೂತ ಅತ್ತೆ ಒಮ್ಮೆಯೂ ಚಿತ್ರ ನೋಡಲಿಲ್ಲ. ಅವರು ಕಿಟಕಿಗೆ ಮುಖ ಮಾಡಿ ಕೂರುವುದು, ಸುಮನಾ ಒಂದು ಪಕ್ಕದಲ್ಲಿ ನಿಂತು ಬರೆಯುವುದು. ಎದ್ದು ಎರಡು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಯಾಕೆ ನೋಡಲಿಲ್ಲ ಎಂದು ನಾನು ಕೇಳಿದಾಗ, "ಮಂದಿ ಒಲಿ ಮ್ಯಾಲಿನ ಮುಚ್ಚಳ ತಗದು ನೋಡಿದಂಗ ಆಗ್ತೈತಿ. ಆದ ಮ್ಯಾಲ ಆಕೀನ ಕರೀತಾಳ" ಎಂದರು. ಆಕೆ ಕರೆಯುವ ಮೊದಲೇ ಅತ್ತೆಯ ಮೊಣಕಾಲು ಕೈಕೊಟ್ಟಿತು. ಮೆಟ್ಟಿಲು ಹತ್ತಬಾರದು, ಚೀಲ ಎತ್ತಬಾರದು ಎಂದು ಡಾಕ್ಟರು ಹೇಳಿದರು. ಸತ್ತ ಹಿಟ್ಟು ಮನೆಗೆ ಬಂತು. ಚಿತ್ರದ ಮಾತು ಅಲ್ಲಿಗೇ ನಿಂತಿತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನಮ್ಮ ಅಜ್ಜಿಯ ವಿಷಯ ಹೇಳಲೇಬೇಕು. ಗಿರಿಜತ್ತೆಯ ಮತ್ತು ಅಪ್ಪನ ತಾಯಿ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಬಲವಾಗಿ ನಂಬಿದ್ದವರು. ಮದುವೆಮನೆಯಲ್ಲಿ ಫೋಟೋದವನು ಎದುರು ಬಂದನೋ, ಅಜ್ಜಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. ನಮ್ಮ ಮನೆಯ ಆಲ್ಬಮ್ಮುಗಳಲ್ಲಿ ಅವರು ಒಂದು ಕಡೆ ಸೆರಗಿನ ಅಂಚು, ಇನ್ನೊಂದು ಕಡೆ ಬಳೆ ತೊಟ್ಟ ಮೊಣಕೈ. ಹಿರಿಯರ ಹಬ್ಬದ ದಿನ ಅಜ್ಜನ ಫೋಟೋಗೆ ಹಾರ ಹಾಕಿ, ಅಜ್ಜಿಯ ಲೆಕ್ಕಕ್ಕೆ ಅವರದೊಂದು ಇಳಕಲ್ ಸೀರೆಯನ್ನು ಮಡಿಸಿ ಪಕ್ಕದಲ್ಲಿಡುತ್ತೇವೆ. ನಾನು ಹುಟ್ಟುವ ಮೊದಲೇ ಹೋದವರಾದ್ದರಿಂದ ನನಗೆ ಸೀರೆಯೇ ಅಜ್ಜಿ.

ಆದರೆ ಅತ್ತೆಗೆ ಹಾಗಲ್ಲವಲ್ಲ. ಕಳೆದ ಹಬ್ಬದ ದಿನ ಎಡೆ ಇಟ್ಟು ಕೈಮುಗಿದ ಮೇಲೆ ಅವರು ಏಳಲಿಲ್ಲ. ಹತ್ತಿರ ಹೋದೆ. "ಅವ್ವನ ಮಾರಿ ಬರವಲ್ದು ನೋಡವಾ" ಎಂದರು. "ದನಿ ಬರ್ತೈತಿ, ಕೈ ಬರ್ತಾವು, ಬೈದದ್ದೆಲ್ಲಾ ಬರ್ತೈತಿ. ಮಾರಿ ಅಷ್ಟ ಬರವಲ್ದು. ನಾನೂ ಹೋದ್ರ ಆಕಿನ ಮಾರಿ ಕಂಡವ್ರು ಯಾರದಾರ ಇನ್ನ, ನಿಮ್ಮಪ್ಪ ಒಬ್ಬಾವ." ಅಜ್ಜಿಯ ಮುಖ ಹೇಗಿತ್ತೆಂದು ನಾನು ಅಪ್ಪನನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಕೆಂಪಗಿದ್ಲು" ಎಂದಷ್ಟೇ ಹೇಳಿದರು. ಆ ದಿನ ಹೋಳಿಗೆ ಯಾರಿಗೂ ರುಚಿಸಲಿಲ್ಲ.

ಇದಾದ ಸ್ವಲ್ಪ ದಿನಕ್ಕೆ, ಅತ್ತೆ ಹಿಂದೆ ಕೊಟ್ಟಿದ್ದ ನನ್ನ ನಂಬರಿಗೆ ಸುಮನಾಳಿಂದ ಒಂದು ಆಹ್ವಾನ ಬಂತು. ನಮ್ಮ ಕಡೆಯ ಕೆಲವು ಕಲಾವಿದರು ಸೇರಿ ಒಂದು ಭಾನುವಾರ ತಮ್ಮ ತಮ್ಮ ಸ್ಟುಡಿಯೋಗಳ ಬಾಗಿಲು ತೆರೆದಿಡುತ್ತಾರಂತೆ. ಒಂದು ಟಿಟಿ ಗಾಡಿ ಮಾಡಿ ಆಸಕ್ತರನ್ನು ಒಂದೊಂದು ಕಡೆಗೂ ಕರೆದೊಯ್ಯುತ್ತಾರಂತೆ. ಕೊನೆಯದು ಗಿರಣಿಯ ಮೇಲಿನದು. ಅತ್ತೆ ಒಮ್ಮೆ ತಮ್ಮ ಚಿತ್ರ ನೋಡಲಿ, ಮನಸ್ಸಿಗೆ ಸ್ವಲ್ಪ ಗೆಲುವಾದೀತು ಎಂದು ಇಬ್ಬರ ಹೆಸರನ್ನೂ ಕೊಟ್ಟೆ. "ಅಕ್ಕನ ಮಾರಿ ಮನ್ಯಾಗ ದಿನಾ ಪುಕ್ಕಟೆ ಕಾಣ್ತೈತಿ. ಅದನ್ನ ನೋಡಾಕ ಗಾಡಿ ಮಾಡ್ಕೊಂಡು ಹೋಗ್ಬೇಕೇನು?" ಎಂದು ಅಪ್ಪ ಪೇಪರಿನ ಹಿಂದಿನಿಂದ ಹೇಳಿದರು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಕಲೆಯ ವಿಷಯದಲ್ಲಿ ನನ್ನ ಬಂಡವಾಳವೆಲ್ಲ ಒಂದೇ ವಾಕ್ಯ: "ಕಂಪೋಸಿಷನ್ ಚೆನ್ನಾಗಿದೆ." ತಲೆಯನ್ನು ಸ್ವಲ್ಪ ಓರೆ ಮಾಡಿ ಹೇಳಿದರೆ ಇದು ಎಲ್ಲಿಯೂ ಸಲ್ಲುತ್ತದೆ. ನಾಯಂಡಹಳ್ಳಿಯ ಹಳೆಯ ಗೋಡೌನೊಂದರಲ್ಲಿ ಕಬ್ಬಿಣದ ಚೂರುಗಳನ್ನು ಬೆಸೆದು ಎತ್ತು ಮಾಡುತ್ತಿದ್ದವರ ಮುಂದೆ ಹೇಳಿದೆ, ಅವರು ಸಂತೋಷಪಟ್ಟರು. ಕೆಂಗೇರಿಯಲ್ಲಿ ಮರದ ಅಚ್ಚಿನಿಂದ ಚಿತ್ರ ಮುದ್ರಿಸುವ ದಂಪತಿಯ ಮನೆಯಲ್ಲಿ ಹೇಳಿದೆ. ಅದು ಚಿತ್ರವಲ್ಲ, ಮಸಿ ಒರೆಸುವ ಬಟ್ಟೆ ಎಂದು ಆಮೇಲೆ ತಿಳಿಯಿತು. ಅವರು ಒಳ್ಳೆಯವರು, ನನ್ನನ್ನು ತಿದ್ದದೆ ಕಾಫಿ ಕೊಟ್ಟರು.

ನಮ್ಮ ಜನ ಸ್ಟುಡಿಯೋ ನೋಡುವ ಬಗೆಯೂ ನೋಡುವಂಥದ್ದೇ. ಕಲಾವಿದರು ತಾವು ಎಲ್ಲಿ ಕೂತು ಬರೆಯುತ್ತೇವೆ, ಬೆಳಕು ಎಲ್ಲಿಂದ ಬರುತ್ತದೆ ಎಂದು ಹೇಳುತ್ತಿದ್ದರೆ, ನಮ್ಮ ಗಾಡಿಯಲ್ಲಿದ್ದ ನಂದಿನಿ ಲೇಔಟಿನ ರಿಟೈರ್ಡ್ ಇಂಜಿನಿಯರರೊಬ್ಬರು, "ಸಾರ್, ಇಲ್ಲಿ ಕಾವೇರಿ ನೀರು ಬರುತ್ತಾ, ಬೋರಾ?" ಎಂದು ಕೇಳುವರು. ಅವರ ಹೆಂಡತಿ, "ರೀ, ಸ್ವಲ್ಪ ಸುಮ್ನಿರ್ರೀ" ಎಂದು ಗದರಿ, ತಾವು ಹೋಗಿ ಅಡುಗೆಮನೆ ಇಣುಕಿ ಬರುವರು. ನಾನೂ ಕಡಿಮೆಯವಳಲ್ಲ. ಆ ಗೋಡೌನಿಗೆ ಬಾಡಿಗೆ ಎಷ್ಟಿರಬಹುದೆಂದು ಮನಸ್ಸಿನಲ್ಲೇ ಅಳೆದು ಮುಗಿಸಿದ್ದೆ. ಅತ್ತೆ ಮಾತ್ರ ಎಲ್ಲ ಕಡೆಯೂ ಮೊದಲು ಕುರ್ಚಿ ಹುಡುಕುತ್ತಿದ್ದರು. ಮೊಣಕಾಲಿನ ಸಲುವಾಗಿ ಎಂದುಕೊಂಡಿದ್ದೆ. "ಇಲ್ಲಿ ಕುಂದ್ರಾವ್ರು ಯಾರು? ಅವ್ರಿಗೆ ಬೆನ್ನಿಗೆ ಆಸರ ಐತೇನು?" ಎಂದು ಕೇಳಿದಾಗಲೇ ಅದು ವೃತ್ತಿಬಾಂಧವರ ಕಾಳಜಿ ಎಂದು ನನಗೆ ಹೊಳೆದದ್ದು.

ಗಿರಣಿಗೆ ಬಂದಾಗ ಸಂಜೆ ಬಿಸಿಲಿತ್ತು. ಭಾನುವಾರವಾದ್ದರಿಂದ ಶಟರ್ ಎಳೆದಿತ್ತು. ಅತ್ತೆ ಮೆಟ್ಟಿಲುಗಳನ್ನು ಒಮ್ಮೆ ತಲೆ ಎತ್ತಿ ನೋಡಿದರು. ಸುಮನಾ ಕೆಳಗಿಳಿದು ಬಂದು, "ಅಮ್ಮ, ಅವಸರ ಇಲ್ಲ. ರೇಲಿಂಗ್ ಹಿಡ್ಕೊಂಡು ಬನ್ನಿ" ಎಂದು ತೋಳು ಹಿಡಿದಳು. ಉಳಿದವರು ಮುಂದೆ ಹೋದರು. ನಾವು ಮೂವರು ನಿಂತು ನಿಂತು ಹತ್ತಿದೆವು. ಮೇಲೆ ತಲುಪಿದಾಗ ಅತ್ತೆಯ ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

ಚಿತ್ರ ಕೋಣೆಯ ಮೂಲೆಯಲ್ಲಿ ಗೋಡೆಗೆ ಒರಗಿತ್ತು. ಮುಖ, ಕುತ್ತಿಗೆ, ತಲೆಯ ಮೇಲಿನ ಸೆರಗು ಆಗಿದ್ದವು. ಕೈಗಳ ಜಾಗದಲ್ಲಿ ಬರೀ ಗೆರೆ. ಕಿಟಕಿಯ ಬೆಳಕು ಒಂದು ಕೆನ್ನೆಗೆ ಬಿದ್ದ, ಪಕ್ಕದಿಂದ ಕಂಡ ಮುಖ. ನಾನು ಅಭ್ಯಾಸಬಲದಿಂದ ತಲೆ ಓರೆ ಮಾಡಿದೆ. ಅಷ್ಟರಲ್ಲಿ ಅತ್ತೆ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು.

"ಇದು ನಾನಲ್ಲ" ಎಂದರು ಅತ್ತೆ.

ಸುಮನಾಳ ಮುಖ ಸಣ್ಣದಾಯಿತು. "ಇಷ್ಟ ಆಗ್ಲಿಲ್ವಾ ಅಮ್ಮ? ಇನ್ನೂ ಮುಗಿದಿಲ್ಲ ಅದು."

"ಇದು ನಮ್ಮವ್ವ."

ಅತ್ತೆ ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತರು. ಬಹಳ ಹೊತ್ತು ನೋಡಿದರು. ದಿನವೂ ಕನ್ನಡಿ ನೋಡುತ್ತೀರಲ್ಲ ಅತ್ತೆ, ಅಲ್ಲಿ ಕಾಣಲಿಲ್ಲವೇ ಎಂದು ನಾನು ಮೆಲ್ಲಗೆ ಕೇಳಿದೆ. ಅವರು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯದು. "ಅವ್ವನ್ನ ಎದರಾಬದರ ನೋಡಿದ್ದು ಯಾವಾಗ? ಒಲಿ ಮುಂದ ಕುಂತು ರೊಟ್ಟಿ ಬಡಿಯಾಕಿ ಆಕಿ. ಮಗ್ಗಲದಾಗ ಕುಂದ್ರಾವ್ರು ನಾನು, ನಿಮ್ಮಪ್ಪ. ಎದರಿಗೆ ನಿಲ್ಲಸ್ತಿದ್ದದ್ದು ಬಯ್ಯುವಾಗ ಅಷ್ಟ. ಬೈಸ್ಕೊಳ್ಳುವಾಗ ತಲಿ ಯಾರು ಎತ್ತತಾರ?"

ನನಗೆ ಆಗ ಅರ್ಥವಾಯಿತು. ಮನುಷ್ಯರು ತಮ್ಮ ಮುಖವನ್ನು ಪಕ್ಕದಿಂದ ನೋಡಿಕೊಳ್ಳುವುದೇ ಇಲ್ಲ. ಅತ್ತೆ ಇಷ್ಟು ವರ್ಷ ಹುಡುಕುತ್ತಿದ್ದದ್ದು ಅವರ ಕೆನ್ನೆಯಲ್ಲೇ ಇತ್ತು, ಅವರ ಕಣ್ಣಿಗೆ ಸಿಗದ ಕಡೆ. ನನಗೆ ಅಳು ಬಂತು. ನಂದಿನಿ ಲೇಔಟಿನವರು ಉಳಿದವರನ್ನೆಲ್ಲ ಬಾಲ್ಕನಿಗೆ ಕರೆದೊಯ್ದು ಟ್ಯಾಂಕಿನ ಅಳತೆ ಲೆಕ್ಕ ಹಾಕುತ್ತಿದ್ದರು. ಆ ಮಟ್ಟಿಗೆ ಅವರು ಉಪಕಾರವನ್ನೇ ಮಾಡಿದರು.

"ಫೋಟೋದಾವ್ರಿಂದ ಎಷ್ಟು ವರ್ಷ ತಪ್ಪಿಸ್ಕೊಂಡು ಅಡ್ಡಾಡಿದ್ಲು. ಕಡೀಕ ಸಿಕ್ಕಬಿದ್ಲು ನೋಡು" ಎಂದು ಅತ್ತೆ ನಕ್ಕು ಕಣ್ಣೊರೆಸಿಕೊಂಡರು. ಸುಮನಾ, ಇನ್ನೆರಡು ಸಲ ಕೂತರೆ ಮುಗಿಸುತ್ತೇನೆ, ಬೇಕಿದ್ದರೆ ಮನೆಗೇ ಬರುತ್ತೇನೆ, ಮುಗಿದ ಮೇಲೆ ಚಿತ್ರ ನಿಮಗೇ ಎಂದಳು. ಅತ್ತೆ ಅಡ್ಡಡ್ಡ ತಲೆಯಾಡಿಸಿದರು. "ಬ್ಯಾಡ ತಾಯಿ. ಇನ್ನೂ ತಿದ್ದಿದ್ರ ನಾನಾಗಿಬಿಡ್ತೀನಿ. ಇಷ್ಟ ಇರ್ಲಿ, ಇಲ್ಲೇ ಇರ್ಲಿ. ಆಕಿಗೆ ಗ್ವಾಡಿ ಮ್ಯಾಲ ನೇತಾಡೂದು ಸೇರೂದಿಲ್ಲ." ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಲೇ ಎಂದು ನಾನು ಕೇಳಿದೆ. ಸ್ವಲ್ಪ ಯೋಚಿಸಿ, "ಹೆಸರಿಗೆ ಇದು ನಂದ ಅಲ್ಲೇನು? ತಗಿ" ಎಂದರು.

ಗಾಡಿಯಲ್ಲಿ ಬರುವಾಗ ಮಾತ್ರ ಅತ್ತೆ ಮಂಕಾದರು. "ಮನಸ್ಸಿಗೆ ಬೇಕಂತ ಹಂಗ ಕಂಡ್ತೋ ಏನೋ. ನಂಬೂದು ಹೆಂಗ? ಮುದುಕಿ ಕಣ್ಣು ಇವು" ಎಂದರು. ನಾನು ಸಮಾಧಾನದ ಮಾತು ಹುಡುಕಿದೆ. ಅಜ್ಜಿಯನ್ನು ಕಾಣದವಳು ಏನೆಂದು ಹೇಳಲಿ?

ಮನೆಗೆ ಬಂದೆವು. ಅತ್ತೆ ದಿವಾನದ ಮೇಲೆ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಅಪ್ಪ, "ಆತೇನು ನಿಮ್ಮ ಮೆರವಣಿಗಿ? ತೋರ್ಸು, ಅದೇನು ನೋಡಿ ಬಂದ್ರಿ" ಎಂದು ಕೈ ಚಾಚಿದರು. ನಾನು ಏನೂ ಹೇಳದೆ, ಮುಖವಷ್ಟೇ ಕಾಣುವಂತೆ ತೆಗೆದಿದ್ದ ಆ ಫೋಟೋ ತೆರೆದು ಮೊಬೈಲ್ ಕೊಟ್ಟೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡರು. ಗೇಲಿಗೆ ತಯಾರಾಗಿದ್ದವರು ಮೊಬೈಲನ್ನು ಕಣ್ಣಿನ ಹತ್ತಿರ ತಂದುಕೊಂಡರು.

"ಅವ್ವಂದು" ಎಂದರು ಅಪ್ಪ. "ಫೋಟೋನೇ ಇಲ್ಲ ಅಂತಿದ್ರಲ್ಲ. ಯಾರ ಮನ್ಯಾಗ ಇತ್ತು ಇದು?"

ಅತ್ತೆಯ ಕೈ ಮೊಣಕಾಲಿನ ಮೇಲೆ ನಿಂತಿತು. ಅವರು ನನ್ನ ಕಡೆ ನೋಡಿದರು, ಏನೂ ಹೇಳಬೇಡ ಎನ್ನುವಂತೆ. ಆಮೇಲೆ ನಾವೇ ಹೇಳಿದೆವೆನ್ನಿ. ಅಪ್ಪ ಪೂರ್ತಿ ಕೇಳಿಸಿಕೊಂಡು, ಮೊಬೈಲನ್ನು ಹಿಂದಕ್ಕೆ ಕೊಟ್ಟು, ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಸುಮನಾಳ ಚಿತ್ರದ ಬಗ್ಗೆ ಅವರು ಆಡಿದ ಮಾತು ಅಷ್ಟೇ. ಬೊಂಬೆಯ ಮಾತು ಮತ್ತೆ ಬರಲಿಲ್ಲ. ಕಂಪೋಸಿಷನ್ನಿನ ಮಾತನ್ನು ನಾನೂ ಬಿಟ್ಟಿದ್ದೇನೆ.

ಇದನ್ನು ಬರೆಯುತ್ತಿರುವಾಗ ಹೊರಗೆ ಬಣ್ಣದವರು ಕೆಲಸ ಮುಗಿಸಿ ಹೋಗಿದ್ದಾರೆ. ನಡುಮನೆಯಲ್ಲಿ ಅತ್ತೆ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಾರೆ. ಅಪ್ಪನ ಕುರ್ಚಿ ಮೊದಲು ಅತ್ತೆಯ ಎದುರಿಗೆ, ಟಿವಿಯ ಪಕ್ಕದಲ್ಲಿರುತ್ತಿತ್ತು. ಈಗ ಕೆಲವು ತಿಂಗಳಿಂದ ಅದು ಅವರ ಮಗ್ಗುಲಿಗೆ ಬಂದಿದೆ. ಅಲ್ಲಿ ಕೂತು ಪೇಪರು ಓದುತ್ತಾರೆ. ಪುಟ ತಿರುವಿದ ಸದ್ದು ಮಾತ್ರ ಕೇಳಿಸುವುದಿಲ್ಲ.

"ಏನೋ ನಿಂದು? ಎದರಿಗೆ ಬಂದು ಕುಂದರು. ಮಾತಾಡಬೇಕಂದ್ರ ಕುತ್ತಿಗಿ ಹೊಳ್ಳಸ್ಬೇಕು ನಾನು" ಎಂದರು ಅತ್ತೆ ಈಗಷ್ಟೇ.

"ಹೊಳ್ಳಬ್ಯಾಡಕ್ಕ" ಎಂದರು ಅಪ್ಪ. "ಹಂಗ ಇರು."

ಅತ್ತೆ ಹೊರಳಲಿಲ್ಲ. ಕಾಯಿ ಸುಲಿಯುತ್ತಾ ಹಾಗೇ ಕೂತರು.