ಲಿದಿಯಾ ಅಕ್ಕೋರ ಪ್ರಾರ್ಥನೆಯ ತಾಸು

ಬೈಲಹೊಂಗಲದ ಒಂದು ಸಣ್ಣ ಕ್ರೈಸ್ತ ಪ್ರಾಥಮಿಕ ಶಾಲೆಯಲ್ಲಿ ಲಿದಿಯಾ ಅಕ್ಕೋರು ಮೂರನೆಯ ತರಗತಿಗೆ ಕಲಿಸುತ್ತಾರೆ. ಮುಂಜಾನೆಯ ಪ್ರಾರ್ಥನೆ, ವಾರಕ್ಕೆರಡು ಧರ್ಮಪಾಠದ ತಾಸು, ಕ್ರಿಸ್‌ಮಸ್ ಕಾರ್ಯಕ್ರಮ ಎಲ್ಲವೂ ಮೊದಲಿನಿಂದಲೂ ಅವರದೇ ಪಾಲು. ಅಲ್ಲಿ ಕ್ರೈಸ್ತರ ಮಕ್ಕಳು ಬೆರಳೆಣಿಕೆಯಷ್ಟು. ಉಳಿದವರು ಲಿಂಗಾಯತರ, ಮುಸಲ್ಮಾನರ, ಬೌದ್ಧರ ಮನೆಗಳಿಂದ ಬರುತ್ತಾರೆ. ಪ್ರಾರ್ಥನೆಗೆ ನಿಂತಾಗ ಒಬ್ಬರು ಕೈ ಮುಗಿದರೆ ಇನ್ನೊಬ್ಬರು ಅಂಗೈ ಬಿಚ್ಚಿ ಹಿಡಿಯುತ್ತಾರೆ. ಹಾಗಲ್ಲ ಹೀಗೆ ಎಂದು ಅಕ್ಕೋರು ಯಾರನ್ನೂ ತಿದ್ದಿದವರಲ್ಲ.

ಅವರ ಗಂಡ ಯುವರಾಜ, ಎಂ.ಕೆ. ಹುಬ್ಬಳ್ಳಿ ಎಂಬ ಊರಿನ ಕಡೆ ಕಬ್ಬಿನ ಲಾರಿ ನಡೆಸುತ್ತಿದ್ದರು. ಹೋದ ಹಂಗಾಮಿನಲ್ಲಿ ಅವರ ಕಾಲುಗಳು ಬಾತುಕೊಂಡವು. ಎರಡೂ ಮೂತ್ರಪಿಂಡ ಕೆಲಸ ನಿಲ್ಲಿಸಿವೆ ಎಂದು ಬೆಳಗಾವಿಯ ಡಾಕ್ಟರು ಹೇಳಿದರು. ಅಕ್ಕೋರು ಶಾಲೆ ಮುಗಿಸಿ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗುವುದು, ಬೆಳಗಿನ ಬಸ್ಸಿಗೆ ಮರಳಿ ಬರುವುದು ನಡೆಯಿತು.

ಹೆಡ್‌ಮಾಸ್ಟರ್ ಸಮಾಧಾನಪ್ಪನವರು ಒಂದು ದಿನ ಕರೆದು, "ಅಕ್ಕೋರ, ಮಕ್ಕಳ ಕಡಿಂದ ಪ್ರಾರ್ಥನಾ ಮಾಡಸ್ರಿ. ಮಕ್ಕಳ ಮಾತು ಲಗೂನ ಮುಟ್ಟತೈತಿ," ಎಂದರು.

ಅಕ್ಕೋರು ಒಪ್ಪಿದರು. ಅಂದಿನ ಧರ್ಮಪಾಠದಲ್ಲಿ ಯೇಸು ರೋಗಿಗಳನ್ನು ಮುಟ್ಟಿ ಗುಣಪಡಿಸಿದ್ದನ್ನು ಹೇಳಿ, "ಎಲ್ಲಾರೂ ಒಂದ ಮನಸ್ಸಿಂದ ಬೇಡಕೊಂಡ್ರ ದೇವರು ಇಲ್ಲ ಅನ್ನಂಗಿಲ್ಲ," ಎಂದು ಸೇರಿಸಿದರು. ಮರುದಿನದಿಂದ ಇಡೀ ಶಾಲೆ ಯುವರಾಜರ ಹೆಸರು ಹಿಡಿದು ಬೇಡತೊಡಗಿತು.

ಫೆಬ್ರುವರಿಯಲ್ಲಿ ಯುವರಾಜ ತೀರಿಕೊಂಡರು.

ಮಣ್ಣು ಮುಗಿಸಿ ಬಂದವರೆಲ್ಲ, "ಅತ್ತು ಬಿಡ್ರಿ, ಹಗರ ಆಗತೈತಿ," ಎಂದು ಬೆನ್ನು ಸವರಿದರು. ಅಕ್ಕೋರು ತಲೆಯಾಡಿಸಿದರು. ಅಳು ಬರಲಿಲ್ಲ. ಯಾರೋ ಚಹಾ ಕೊಟ್ಟರೆ ಕುಡಿದರು, ಊಟಕ್ಕೆ ಕೂರಿಸಿದರೆ ಕೂತರು. ಸಾರಿಗೆ ಉಪ್ಪು ಬಿದ್ದಿಲ್ಲವೆಂದು ಬೇರೆಯವರು ಹೇಳಿದ ಮೇಲೆಯೇ ಅವರಿಗೆ ತಿಳಿದದ್ದು.

ಶಾಲೆಗೆ ಮರಳಿದ ದಿನ ಪ್ರಾರ್ಥನೆ ಹೇಳುವ ಪಾಳಿ ನಾಲ್ಕನೆಯ ತರಗತಿಯ ಪ್ರಜ್ಞಾಳದು. ಕಣ್ಣು ಮುಚ್ಚಿ ಹೇಳುತ್ತ ಹೋದ ಹುಡುಗಿ ರೂಢಿಯಂತೆ, "ನಮ್ಮ ಅಕ್ಕೋರ ಯಜಮಾನರನ್ನು ಬೇಗ ಆರಾಮ ಮಾಡು ದೇವರೇ," ಎಂದುಬಿಟ್ಟಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಆಮೆನ್," ಎಂದರು ಅಕ್ಕೋರು. ಮಕ್ಕಳನ್ನು ಸಾಲಾಗಿ ಒಳಗೆ ಕಳಿಸಿದರು.

ಸಮಾಧಾನಪ್ಪನವರು ಪ್ರಾರ್ಥನೆಯನ್ನು ಬೇರೆಯವರಿಗೆ ವಹಿಸುವುದಾಗಿ ಹೇಳಿದಾಗ, "ಇರ್ಲಿ ಬಿಡ್ರಿ ಸರ್, ನಾನ ಮಾಡತೇನಿ," ಎಂದರು ಅಕ್ಕೋರು. ಬಿಟ್ಟರೂ ಅಷ್ಟೇ, ಮಾಡಿದರೂ ಅಷ್ಟೇ ಅನಿಸುತ್ತಿತ್ತು ಅವರಿಗೆ. ಬಾಯಿ ಮಾತು ಹೇಳುತ್ತಿತ್ತು, ಕೈ ಹಲಗೆಯ ಮೇಲೆ ಬರೆಯುತ್ತಿತ್ತು.

ಆ ವಾರವೇ ಬಳೆ ವ್ಯಾಪಾರದ ಖತಿಜಾಬಿ ಶಾಲೆಗೆ ಬಂದಳು. ಅವಳ ಮಗಳು ಫಿರದೋಸ್ ಅಕ್ಕೋರ ತರಗತಿಯವಳೇ. ಕೆಲವು ದಿನಗಳಿಂದ ಬಂದಿರಲಿಲ್ಲ. ಅದು ಅಕ್ಕೋರ ಗಮನಕ್ಕೇ ಬಂದಿರಲಿಲ್ಲ.

"ಅಕ್ಕೋರ, ಹುಡುಗಿ ಉಣ್ಣವಲ್ಲದು. ರೆಟ್ಟಿ ಹಿಡದು ಕೇಳಿದ್ನಿ. ಪ್ರಾರ್ಥನಾದಾಗ ಒಂದಿನ ಮನಸ್ಸು ಎತ್ತಾಗೋ ಇತ್ತಂತ. ಅದಕ್ಕ ನಿಮ್ಮ ಯಜಮಾನ್ರು ತೀರಕೊಂಡ್ರಂತ. ತನ್ನದ ತಪ್ಪಂತ. ನಾ ಹೇಳಿದ್ರ ಕೇಳವಲ್ಲದು. ನೀವ ಒಂಚೂರು ಬರ್ರಿ."

ಸಂಜೆ ಅಕ್ಕೋರು ಅವರ ಮನೆಗೆ ಹೋದರು. ಫಿರದೋಸ್ ಬಳೆಯ ಡಬ್ಬಿಗಳ ಹಿಂದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅಕ್ಕೋರು ನೆಲದ ಮೇಲೆ ಅವಳ ಪಕ್ಕ ಕೂತರು.

ಹುಡುಗಿಯೇ ಮಾತು ತೆಗೆದಳು. "ಎಲ್ಲಾರೂ ಒಂದ ಮನಸ್ಸಿಂದ ಅಂದಿದ್ರಿ. ನಾ ಅವತ್ತ ನಮ್ಮ ಆಡಿನ ಮರಿ ನೆನಸಾಕ ಹತ್ತಿದ್ನಿರಿ."

"ಅಂದಿದ್ದೆ," ಎಂದರು ಅಕ್ಕೋರು. "ಅದು ಹಂಗಿಲ್ಲವ್ವ. ಹೊಟ್ಟಿಯೊಳಗಿನ ಜಡ್ಡಿನಿಂದ ನಮ್ಮ ಯಜಮಾನ್ರು ಹೋದ್ರು. ನೀ ಆಡಿನ ಮರಿ ನೆನಸಿದ್ದಕ್ಕಲ್ಲ."

"ಮತ್ತ ನಾವು ಬೇಡಕೊಂಡಿದ್ದು?"

"ಚೊಲೋನ ಬೇಡಕೊಂಡ್ರಿ."

"ದೇವರು ಯಾಕ ಕೇಳಲಿಲ್ರಿ?"

ಖತಿಜಾಬಿ ಬಾಗಿಲಲ್ಲೇ ನಿಂತಿದ್ದಳು. ಇಂಥ ಪ್ರಶ್ನೆಗೆ ಹೇಳುವ ಉತ್ತರಗಳು ಅಕ್ಕೋರಿಗೆ ಬಾಯಿಪಾಠವಿದ್ದವು. ಒಂದನ್ನೂ ಹೇಳಲಾಗಲಿಲ್ಲ.

"ನನಗೂ ಗೊತ್ತಿಲ್ಲ, ಫಿರದೋಸ್. ನಾನೂ ದಿನಾ ಕೇಳತೇನಿ. ಬಾ, ಉಣ್ಣೂಣು."

ಖತಿಜಾಬಿ ಎರಡು ತಾಟು ಹಚ್ಚಿದಳು. ರೊಟ್ಟಿ, ಬದನೆಕಾಯಿ ಪಲ್ಯ. ಅಕ್ಕೋರು ಉಣ್ಣುವುದನ್ನು ನೋಡುತ್ತ ಫಿರದೋಸ್ ಸಣ್ಣ ತುತ್ತು ಮುರಿದಳು, ಆಮೇಲೆ ಇನ್ನೊಂದು.

ಮರುದಿನ ಮುಂಜಾನೆ ಅಕ್ಕೋರು ಎಲ್ಲ ಮಕ್ಕಳ ಮುಂದೆ ನಿಂತು ಅದನ್ನೇ ಹೇಳಿದರು. ತಮ್ಮ ಯಜಮಾನರು ಜಡ್ಡಿನಿಂದ ತೀರಿಕೊಂಡರು, ಯಾರ ತಪ್ಪೂ ಅಲ್ಲ, ಯಾರ ಪ್ರಾರ್ಥನೆಯೂ ಕಡಿಮೆ ಬಿದ್ದಿಲ್ಲ. ಪ್ರಜ್ಞಾ ಜೋರಾಗಿ ಅತ್ತಳು. ಅವಳನ್ನು ನೋಡಿ ಇನ್ನೂ ಹಲವರು ಅತ್ತರು. ಅಕ್ಕೋರ ಕಣ್ಣು ಒಣಗಿಯೇ ಇತ್ತು. ಸಮಾಧಾನಪ್ಪನವರು ಆಮೇಲೆ, "ಮಕ್ಕಳ ಮುಂದ ಇಷ್ಟು ಬಿಚ್ಚಿ ಹೇಳಬೇಕಿತ್ತೇನ್ರಿ?" ಎಂದು ಕೇಳಿದರು. ಅಕ್ಕೋರು ಹೌದೆಂದರು.

ಈಸ್ಟರ್ ಹತ್ತಿರ ಬಂದಾಗ ಚರ್ಚಿನ ಸಭೆಯ ಹಿರಿಯರು, ದೇವರು ಕೊಟ್ಟ ಸಮಾಧಾನದ ಬಗ್ಗೆ ಎಲ್ಲರೆದುರು ಸಾಕ್ಷಿ ಹೇಳಬೇಕೆಂದು ಕರೆದರು. "ಹೇಳಾಕ ನನ್ನ ಹತ್ರ ಇನ್ನೂ ಏನೂ ಇಲ್ರಿ," ಎಂದು ಅಕ್ಕೋರು ಹಿಂದಿನ ಬೆಂಚಿನಲ್ಲಿ ಕೂತರು. ಹಾಡು ಬಂದಾಗ ಎಲ್ಲರೊಂದಿಗೆ ಎದ್ದು ನಿಂತರು, ಬಾಯಿ ತೆರೆಯಲಿಲ್ಲ.

ರಜೆ ಕಳೆದು ಶಾಲೆ ಶುರುವಾಯಿತು. ಒಂದು ಮುಂಜಾನೆ ಮಕ್ಕಳು ಪ್ರಾರ್ಥನೆಯ ಹಾಡು ಹೇಳುತ್ತಿದ್ದಾಗ ನಾಯಿಯೊಂದು ಸಾಲಿನ ನಡುವೆ ನುಗ್ಗಿ, ಸಮಾಧಾನಪ್ಪನವರ ಕಾಲ ಬಳಿ ಕೂತು ಊಳಿಡತೊಡಗಿತು. ಹಾಡು ಮುರಿಯಿತು. ಅಕ್ಕೋರಿಗೆ ನಗು ಬಂದುಬಿಟ್ಟಿತು. ತಡೆಯಲಾಗದೆ ಸೆರಗು ಬಾಯಿಗೊತ್ತಿಕೊಂಡು ಮೆಟ್ಟಿಲ ಮೇಲೆ ಕೂತರು. ನಗುತ್ತ ನಗುತ್ತ ಕಣ್ಣಿನಿಂದ ನೀರು ಇಳಿಯಿತು, ಬೇಗ ನಿಲ್ಲಲಿಲ್ಲ. ಮಕ್ಕಳು ಸಾಲಿನಲ್ಲೇ ಕಾದರು. ಸಮಾಧಾನಪ್ಪನವರು ನಾಯಿಯನ್ನು ಗೇಟಿನ ಆಚೆ ಬಿಟ್ಟು ಬಂದರು.

ಅಕ್ಕೋರು ಮುಖ ಒರೆಸಿಕೊಂಡು ಎದ್ದರು. "ಹೂಂ, ಮೊದಲಿಂದ ಹೇಳ್ರಿ," ಎಂದರು.