ಅಮಾವಾಸ್ಯೆಯ ದಿನ ಬಡಿದ ಕಮಾನು ಪಟ್ಟಿ

ಆ ದಿನ ನೀವು ತೂಕಡಿಸಿರಲಿಲ್ಲ, ಖಾದರ್ ಸಾಬರೇ. ಸಾಹುಕಾರರ ಕಾರು ದೊಡ್ಡೇರಿ ರಸ್ತೆಯಲ್ಲಿ ಹಳ್ಳಕ್ಕೆ ಇಳಿದದ್ದು ನಿಮ್ಮ ಕೈತಪ್ಪಿನಿಂದಲ್ಲ, ನನ್ನಿಂದ. ಅದು ನನಗೆ ಆವತ್ತೇ ಗೊತ್ತಿತ್ತು — ಗೊತ್ತಿದ್ದೂ ಸುಳ್ಳು ಹೇಳಿದೆ.

ಯುದ್ಧದ ಕಾಲ. ಕಾರಿನ ಮುಂದಿನ ಗಾಲಿಯ ಮೇಲೆ ಭಾರ ಹೊರುವ ಕಮಾನು ಪಟ್ಟಿ ಮುರಿದರೆ ಹೊಸದು ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ; ಮಧುಗಿರಿಯಲ್ಲಿ ನನ್ನ ಕುಲುಮೆಯೇ ಗತಿ. ಮುರಿದ ಪಟ್ಟಿಯನ್ನು ನೀವು ಹೆಗಲ ಮೇಲೆ ಹೊತ್ತು ತಂದ ದಿನ ಅಮಾವಾಸ್ಯೆ. ಅಮಾವಾಸ್ಯೆಯಂದು ನಾವು ಆಚಾರಿಗಳು ಕುಲುಮೆಗೆ ಬೆಂಕಿ ಹಾಕುವುದಿಲ್ಲ. ನಾಳೆ ಬನ್ನಿ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಸಾಹುಕಾರರು ಸಂಜೆಯೊಳಗೆ ದೊಡ್ಡೇರಿ ಸೇರಬೇಕಂತೆ. ಅಂಥವರ ಕೆಲಸಕ್ಕೆ ಆಗದು ಅನ್ನಲು ನನಗೆ ಜಂಬ ಅಡ್ಡ ಬಂತು.

ನಿಮ್ಮನ್ನು ಊಟಕ್ಕೆ ಕಳಿಸಿ, ಗುಜರಿ ಲಾರಿಯ ಹಳೆಯ ಪಟ್ಟಿಯೊಂದನ್ನು ತೆಗೆದು, ಕಾಯಿಸದೆ, ತಣ್ಣಗೇ ಬಡಿದು ಬಗ್ಗಿಸಿದೆ. ಬೆಂಕಿ ಹಚ್ಚದಿದ್ದರೆ ವ್ರತ ಕೆಟ್ಟಂತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬಗ್ಗಿತು. ಬಗ್ಗುವಾಗ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು — ನೋಡಿದೆ. ನೋಡಿ, ಅದರ ಮೇಲೆ ಗ್ರೀಸ್ ಬಳಿದೆ.

"ತಡೀತದಾ ಆಚಾರ್ರೇ?" ಎಂದಿರಿ.

"ನನ್ ಕೈಯಿಂದ ಆಚೆ ಹೋಗಿದ್ದು ತಡೀದೆ ಏನ್ಮಾಡ್ತದೆ? ಓಗಿ ಸಾಬ್ರೇ."

ಸಂಜೆಗೆ ಕಾರು ಹಳ್ಳದಲ್ಲಿತ್ತು. ಸಾಹುಕಾರರ ತೋಳು ಮುರಿದಿತ್ತು. ಮರುದಿನ ಅವರು ತೋಳಿಗೆ ಕಟ್ಟು ಹಾಕಿಕೊಂಡೇ ನನ್ನ ಅಂಗಡಿಗೆ ಬಂದರು. ಸ್ಟೀರಿಂಗ್ ಹಿಡಿದು ನಿದ್ದೆ ಹೊಡೆದ ಎಂದು ನಿಮ್ಮನ್ನು ಬೈಯುತ್ತಲೇ ಇದ್ದರು. ಅವರ ಹಿಂದೆಯೇ ಬಂದಿದ್ದ ನೀವು, ಮುರಿದ ತುಂಡನ್ನು ನನ್ನ ಕೈಗಿಟ್ಟಿರಿ.

"ಕಮಾನು ಮುರಿದು ಗಾಡಿ ಬಿತ್ತಾ, ಗಾಡಿ ಬಿದ್ದು ಕಮಾನು ಮುರೀತಾ? ಒಂದ್ ಮಾತು ಹೇಳ್ಬುಡಿ ಆಚಾರ್ರೇ. ನಾನು ನಿದ್ದೆ ಮಾಡಿಲ್ಲ, ಅಲ್ಲಾ ಕಸಮ್."

ಮುರಿದ ಬಾಯಿಯ ಅರ್ಧ ಬೆಳ್ಳಗೆ ಹೊಸದಾಗಿ ಹೊಳೆಯುತ್ತಿತ್ತು. ಉಳಿದರ್ಧ ಕಪ್ಪು — ಮುರಿಯುವ ಮೊದಲೇ ಬಿರುಕಿನೊಳಗೆ ಇಳಿದಿದ್ದ ನನ್ನದೇ ಗ್ರೀಸ್. ಆ ಕಪ್ಪನ್ನು ಹೆಬ್ಬೆರಳಲ್ಲಿ ಮುಚ್ಚಿ ಹಿಡಿದು, ಸಾಹುಕಾರರಿಗೆ ಬೆಳ್ಳಗಿದ್ದುದನ್ನು ತೋರಿಸಿದೆ.

"ಬಿದ್ದ ಏಟಿಗೆ ಮುರಿದಿರಾದು, ಬುದ್ದೀ."

ಅಷ್ಟೇ. ನಿಮ್ಮ ಕೆಲಸ ಹೋಯಿತು. ನಿದ್ದೆಗಣ್ಣಿನ ಡ್ರೈವರ್ ಎಂದು ಹೆಸರು ಬಿದ್ದ ಮೇಲೆ ಈ ಸೀಮೆಯಲ್ಲಿ ಯಾರು ತಾನೇ ನಿಮ್ಮ ಕೈಗೆ ಗಾಡಿ ಕೊಡುತ್ತಾರೆ. ನನ್ನ ಕುಲುಮೆ ಮಾತ್ರ ಚೆನ್ನಾಗಿಯೇ ಉರಿಯಿತು.

ಮೊನ್ನೆ ಶಿರಾದಲ್ಲಿ ನಿಮ್ಮ ಜಟಕಾ ಹತ್ತಿದೆನಲ್ಲ — ಕುದುರೆಯ ಲಗಾಮು ಹಿಡಿದವರು ನೀವೆಂದು ಮೊದಲು ಗುರುತು ಹತ್ತಲಿಲ್ಲ. ನೀವು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಬೈಯಲಿಲ್ಲ. "ನನ್ ಕಣ್ಣೇ ಮುಚ್ಚಿತ್ತೇನೋ ಆಚಾರ್ರೇ," ಎಂದಿರಿ. "ಯೋಚ್ನೆ ಮಾಡಿ ಮಾಡಿ ಈಗ ನಂಗೂ ಅಂಗೇ ಅನ್ನಿಸ್ತದೆ. ನೀವು ಸುಳ್ಳು ಹೇಳೋರಲ್ಲ."

ನಿಮ್ಮ ಕೆಲಸ ಕಿತ್ತುಕೊಂಡದ್ದು ಸಾಲದೆಂದು ನಿಮ್ಮ ಎಚ್ಚರವನ್ನೇ ನಿಮ್ಮಿಂದ ಕಿತ್ತುಕೊಂಡೆನಲ್ಲ — ಥೂ, ನನ್ನ ಬಾಳಿಗಿಷ್ಟು ಬೆಂಕಿ ಬೀಳ. ಅಲ್ಲೇ ಇಳಿದು ಹೇಳಬೇಕಿತ್ತು. ಸಂತೆಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ಆ ತುಂಡು ನಾನು ಕಬ್ಬಿಣ ಬಡಿಯುವ ಅಡಿಗಲ್ಲಿನ ಕೆಳಗೇ ಇತ್ತು. ಯಾಕೆ ಎಸೆಯಲಿಲ್ಲವೋ — ಇರಲಿ. ತೆಗೆದು ಟವಲಿನಲ್ಲಿ ಸುತ್ತಿಟ್ಟಿದ್ದೇನೆ. ಕಪ್ಪು ಇನ್ನೂ ಹಾಗೇ ಇದೆ. ನಾಳೆ ಅಮಾವಾಸ್ಯೆ, ಕುಲುಮೆ ಹಚ್ಚುವುದಿಲ್ಲ. ಬೆಳಿಗ್ಗೆ ಸಾಹುಕಾರರ ಜಗಲಿಗೆ ಹೋಗಿ ನಾಲ್ಕು ಜನರ ಎದುರು ಅದನ್ನು ಬಿಚ್ಚುತ್ತೇನೆ. ಅಲ್ಲಿಂದ ನೇರ ಶಿರಾ, ನಿಮ್ಮ ಜಟಕಾ ನಿಲ್ಲುವ ಕಡೆಗೆ. ನೀವು ಮುಖಕ್ಕೆ ಉಗಿದರೆ ಒರೆಸಿಕೊಳ್ಳುವುದಿಲ್ಲ. ತುಂಡನ್ನು ನಿಮ್ಮ ಅಂಗೈಯಲ್ಲಿಡುತ್ತೇನೆ. ಈ ಸಲ ಹೆಬ್ಬೆರಳು ಅಡ್ಡ ಇರುವುದಿಲ್ಲ.